ರಿಬಾಲ್ಡ್: ಆಳಿನ ಹೆಸರು ಪೋಲಿ ಹಾಸ್ಯಕ್ಕೆ ಅಂಟಿದ ಬಗೆ

ಕೇಳುಗರನ್ನು ನಾಚಿಸುತ್ತಲೇ ನಗಿಸುವ ಪೋಲಿ ಹಾಸ್ಯಕ್ಕೆ ಇಂಗ್ಲಿಷಿನಲ್ಲಿ ‘ರಿಬಾಲ್ಡ್’ ಎಂಬ ವಿಶೇಷಣವಿದೆ. ಅಂತಹ ಮಾತು ‘ರಿಬಾಲ್ಡ್ರಿ’. ಬರಿಯ ಬೈಗುಳ ಇದರ ವ್ಯಾಪ್ತಿಗೆ ಸೇರದು. ಕಾಮದ ಪ್ರಸ್ತಾಪದೊಡನೆ ನಗೆಯೂ ಇರಬೇಕು.

ಮೂಲ

ಈ ಪದ 13ನೇ ಶತಮಾನದಲ್ಲಿ ಹಳೆಯ ಫ್ರೆಂಚಿನಿಂದ ಇಂಗ್ಲಿಷಿಗೆ ಬಂದಿತು. ಆಗ ಅದು ಮಾತಿನ ಹೆಸರಾಗಿರದೆ ಮನುಷ್ಯನ ಹೆಸರಾಗಿತ್ತು. ಕೀಳು ಚಾಕರಿಯ ಆಳು, ಸೈನ್ಯದ ಬೆನ್ನಹಿಂದೆ ಅಲೆಯುವವನು, ನೀತಿಗೆಟ್ಟವನು ‘ರಿಬಾಲ್ಡ್’ ಎನಿಸಿಕೊಳ್ಳುತ್ತಿದ್ದ. ಇಂತಹವರ ಮೇಲ್ವಿಚಾರಣೆಗೆ ಫ್ರೆಂಚ್ ಅರಮನೆಯಲ್ಲಿ ‘ರಿಬಾಲ್ಡರ ರಾಜ’ ಎಂಬ ಅಧಿಕಾರಿಯೇ ಇದ್ದ. ಕಾಲಕ್ರಮದಲ್ಲಿ ಆಡುವವನ ಹೆಸರು ಆಡಿದ ಮಾತಿಗೆ ಅಂಟಿತು.

ಕನ್ನಡದಲ್ಲಿ

ಕನ್ನಡದ ಪದಗಳ ಕಥೆಯೂ ಇದಕ್ಕೆ ದೂರವಲ್ಲ. ಕಾವ್ಯಮೀಮಾಂಸೆಯಲ್ಲಿ ‘ಗ್ರಾಮ್ಯ’ ಒಂದು ದೋಷ. ಹಳ್ಳಿಗನ ನುಡಿಯೇ ಅಸಭ್ಯ ನುಡಿಯಾಯಿತು. ‘ಅಶ್ಲೀಲ’ ಎಂದರೆ ಮೂಲತಃ ಶ್ರೀ, ಅಂದರೆ ಚೆಲುವು ಇಲ್ಲದ್ದು. ವಾಮನನು ಲಜ್ಜೆ, ಜುಗುಪ್ಸೆ, ಅಮಂಗಲ ಎಂದು ಅದರಲ್ಲಿ 3 ಬಗೆಗಳನ್ನು ಹೇಳಿದ್ದಾನೆ. ‘ಪೋಲಿ’ ಕೂಡ ವ್ಯಕ್ತಿಗೆ ಸಲ್ಲುವ ಪದ. ಟಿ.ಪಿ. ಕೈಲಾಸಂ ಅವರ ‘ಪೋಲಿ ಕಿಟ್ಟಿ’ಯ ನಾಯಕ ಪುಂಡ ಹುಡುಗನೇ ಹೊರತು ಅಶ್ಲೀಲ ಮಾತಿನವನಲ್ಲ.

ಹಬ್ಬದ ಪರವಾನಗಿ

ಚಾಮರಾಜನಗರ, ಗುಂಡ್ಲುಪೇಟೆಗಳ ನೆರೆಯಲ್ಲಿ ಇಂತಹ ಮಾತಿಗೆ ದಿನ, ಸ್ಥಳ, ಗುರಿಗಳನ್ನು ಗೊತ್ತುಮಾಡಿದ ಆಚರಣೆಗಳಿವೆ. ಗಡಿಯಾಚೆ ತಮಿಳುನಾಡಿನ ತಾಳವಾಡಿ ತಾಲ್ಲೂಕಿನ ಕನ್ನಡದ ಊರು ಗುಮಟಾಪುರದಲ್ಲಿ, ಬಲಿಪಾಡ್ಯಮಿಯ ಮರುದಿನ ಗೋರೆಹಬ್ಬ ನಡೆಯುತ್ತದೆ. ಹುಲ್ಲಿನ ಗಡ್ಡಮೀಸೆ ಕಟ್ಟಿದ ‘ಚಾಡಿಕೋರ’ನನ್ನು ಕತ್ತೆಯ ಮೇಲೆ ಕೂರಿಸಿ, ಅವಾಚ್ಯವಾಗಿ ನಿಂದಿಸುತ್ತ ಮೆರವಣಿಗೆ ಮಾಡುತ್ತಾರೆ. ಬಳಿಕ ಬೀರೇಶ್ವರ ದೇವಾಲಯದ ಬಳಿ ಸಗಣಿ ಎರಚಾಟ. ಇಲ್ಲಿ ನಿಂದೆಯ ಗುರಿ ಊರು ಒಡೆಯುವ ಚಾಡಿಯ ಗುಣ. ಕೊಡಗಿನ ದೇವರಪುರದಲ್ಲಿ ಮೇ ತಿಂಗಳಲ್ಲಿ ನಡೆಯುವ ಕುಂಡೆ ಹಬ್ಬದಲ್ಲಿ ಜೇನುಕುರುಬರು, ಯರವರು ವೇಷ ತೊಟ್ಟು ದೇವರನ್ನೇ ಬೈದು ಹಾಡುತ್ತಾರೆ.

ಕಾನೂನು

ಸಾರ್ವಜನಿಕ ಸ್ಥಳದಲ್ಲಿ ಅಶ್ಲೀಲ ಹಾಡು, ಮಾತು ಭಾರತೀಯ ದಂಡ ಸಂಹಿತೆಯ 294ನೇ ಕಲಮಿನಡಿ ಅಪರಾಧವಾಗಿತ್ತು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 296ನೇ ಕಲಮು ಜಾರಿಯಲ್ಲಿದೆ. ಎರಡರಲ್ಲೂ ಇತರರಿಗೆ ಕಿರಿಕಿರಿಯಾಗಬೇಕೆಂಬ ಷರತ್ತಿದೆ. ನಿಘಂಟಿನ ಪದಗಳು ಆಡಿದವನ ಅಂತಸ್ತನ್ನು ಹಳಿದರೆ, ಕಾನೂನು ಕೇಳಿದವರ ನೋವನ್ನು ವಿಚಾರಿಸುತ್ತದೆ. ಹಬ್ಬದ ದಿನ ಊರೆಲ್ಲ ಕೂಡಿ ನಗುವ ಅದೇ ಮಾತನ್ನು ಮರುದಿನ ಬಸ್ ನಿಲ್ದಾಣದಲ್ಲಿ ಒಂಟಿ ಹೆಣ್ಣಿನತ್ತ ಎಸೆದರೆ, ಅದು ಹಾಸ್ಯವಾಗಿ ಉಳಿಯದು.