ನಮ್ಮ ಮನೆ ಯಾವ ಗುಂಪಿಗೆ ಸೇರುತ್ತದೆ?

ನಮ್ಮ ಕಡೆಯ ಹಳೆಯ ಮನೆಯ ತಲಬಾಗಿಲು ದಾಟಿದರೆ ಮೊದಲು ಎದುರಾಗುವುದು ದನಗಳು. ತಗ್ಗಿನಲ್ಲಿ ಗ್ವಾದಲಿ, ಎತ್ತು, ಎಮ್ಮೆ. ಅಲ್ಲಿಂದ ಕಟ್ಟೆ ಏರಿದರೆ ಪಡಸಾಲೆ. ಅದರ ಆಚೆ ಅಡುಗೆಮನೆ, ದೇವರ ಜಗಲಿ, ಕಾಳಿನ ಚೀಲ. ಹತ್ತಿ ಬಿಡಿಸುವ ತಿಂಗಳಲ್ಲಿ ಒಂದು ಮೂಲೆಯಲ್ಲಿ ಜಂತಿ ಮುಟ್ಟುವಷ್ಟು ಹತ್ತಿ. ತಲೆಯ ಮೇಲೆ ಮಣ್ಣಿನ ಮೇಲ್ಮುದ್ದೆ, ನಡುವೆ ಒಂದು ಬೆಳಕಿಂಡಿ. ರಾಮದುರ್ಗ ತಾಲ್ಲೂಕಿನ ಸುರೇಬಾನದ ಕಡೆ ಹೋದರೆ ಇಷ್ಟರ ಜೊತೆಗೆ ಮಗ್ಗವೂ ಮನೆಯೊಳಗೇ. ಬೈಲಹೊಂಗಲದ ಪೇಟೆಯಲ್ಲಿ ಮುಂದೆ ಅಂಗಡಿ, ಹಿಂದೆ ಮನೆ, ಹಿತ್ತಲಲ್ಲಿ ಗೋದಾಮು.

ಇದನ್ನು ನಾವೆಲ್ಲ ಮನೆ ಎಂದೇ ಕರೆಯುತ್ತೇವೆ. ಆದರೆ ಕಟ್ಟಡಗಳನ್ನು ಕಾಗದದ ಮೇಲೆ ವಿಂಗಡಿಸುವವರಿಗೆ ಈ ಒಂದು ಮನೆ ದೊಡ್ಡ ತಲೆನೋವು. ಆ ತಲೆನೋವು ಇಂದಿನದಲ್ಲ.

ಬ್ರಿಟಿಷರು 1872ರ ಜನಗಣತಿಯಲ್ಲಿ ಮುಂಬೈ ಪ್ರಾಂತ್ಯದ ಮನೆಗಳನ್ನು ಎರಡೇ ಜಾತಿ ಮಾಡಿದರು. ಸುಟ್ಟ ಇಟ್ಟಿಗೆಯ ಗೋಡೆ, ಹಂಚಿನ ಮಾಡು ಇದ್ದರೆ ಉತ್ತಮ ಮನೆ. ಮಣ್ಣಿನ ಗೋಡೆ, ಹಸಿ ಇಟ್ಟಿಗೆ ಅಥವಾ ಹುಲ್ಲಿನ ಹೊದಿಕೆ ಇದ್ದರೆ ಕೆಳದರ್ಜೆಯ ಮನೆ. ಆಗ ಬೈಲಹೊಂಗಲ, ಕಿತ್ತೂರುಗಳು ಸಂಪಗಾಂವ ತಾಲ್ಲೂಕಿನಲ್ಲಿದ್ದವು, ಸವದತ್ತಿ ಪರಸಗಡ ತಾಲ್ಲೂಕಿನಲ್ಲಿತ್ತು. ರಾಮದುರ್ಗ ಬೇರೆಯೇ ಸಂಸ್ಥಾನ, 1948ರವರೆಗೂ ಭಾವೆ ಮನೆತನದ್ದು. ಎರಡಡಿ ದಪ್ಪ ಮಣ್ಣಿನ ಗೋಡೆ, ಬೇಸಿಗೆಯಲ್ಲಿ ತಂಪು, ಚಳಿಗಾಲದಲ್ಲಿ ಬೆಚ್ಚಗೆ ಇರುವ ನಮ್ಮ ಮನೆಗಳು ಆ ಲೆಕ್ಕದಲ್ಲಿ ಯಾವ ಕಡೆ ಬಿದ್ದಿರಬೇಕು ಎಂದು ಹೇಳಬೇಕಾಗಿಲ್ಲ. ಮನೆಯೊಳಗೆ ಯಾರಿದ್ದಾರೆ, ಏನು ಮಾಡುತ್ತಾರೆ ಎಂಬುದು ಆ ವಿಂಗಡಣೆಯ ಪ್ರಶ್ನೆಯೇ ಆಗಿರಲಿಲ್ಲ.

ಗೋಡೆ ನೋಡುವುದು, ಮಾಡು ನೋಡುವುದು, ಬೆಲೆ ಕಟ್ಟುವುದು: ಸರಕಾರಗಳ ಹಳೆಯ ರೂಢಿ ಇದು. 1666ರಲ್ಲಿ ಲಂಡನ್ ಪಟ್ಟಣ ಸುಟ್ಟುಹೋದ ಮೇಲೆ ಮರುವರ್ಷ ಬಂದ ಕಾಯ್ದೆ, ಯಾವ ಬೀದಿಯಲ್ಲಿದೆ ಎಂಬುದರ ಮೇಲೆ ಮನೆಗಳನ್ನು ನಾಲ್ಕು ಬಗೆ ಮಾಡಿತು. 1774ರ ಕಾಯ್ದೆ ಏಳು ದರ್ಜೆ ಮಾಡಿತು. ದೊಡ್ಡ ಬೀದಿ, ದೊಡ್ಡ ಮನೆ, ದಪ್ಪ ಗೋಡೆ. ಬೆಂಕಿ ಒಂದು ಮನೆಯಿಂದ ಇನ್ನೊಂದಕ್ಕೆ ಹಾರಬಾರದು ಎಂಬುದೇ ಮುಖ್ಯ ಚಿಂತೆ.

ಒಳಗಿದ್ದವರು ಹೊರಗೆ ಬರುವುದು ಹೇಗೆ ಎಂಬ ಚಿಂತೆ ಶುರುವಾಗಿದ್ದು ಬಹಳ ತಡವಾಗಿ, ಅದೂ ಸಾವುಗಳನ್ನು ಎಣಿಸಿದ ಮೇಲೆ. 1903ರ ಡಿಸೆಂಬರ್ 30ರಂದು ಅಮೆರಿಕದ ಶಿಕಾಗೊದ ಇರಾಕ್ವಾ ನಾಟಕಗೃಹಕ್ಕೆ ಬೆಂಕಿ ಬಿದ್ದು 600ಕ್ಕೂ ಹೆಚ್ಚು ಜನ ಸತ್ತರು. ಕಟ್ಟಡ ಹೊಸದು, ಗೋಡೆ ಗಟ್ಟಿ. ಬಾಗಿಲುಗಳು ಮಾತ್ರ ತೆರೆಯಲಿಲ್ಲ. 1911ರ ಮಾರ್ಚ್ 25ರಂದು ನ್ಯೂಯಾರ್ಕಿನ ಒಂದು ಬಟ್ಟೆ ಕಾರ್ಖಾನೆಯಲ್ಲಿ 146 ಜನ ಸತ್ತರು, ಹೆಚ್ಚಿನವರು ಹರೆಯದ ಹೆಣ್ಣುಮಕ್ಕಳು. ಒಂದು ಬಾಗಿಲಿಗೆ ಬೀಗ ಹಾಕಿತ್ತು. ಈ ಸಾವುಗಳ ನಂತರ 1927ರಲ್ಲಿ ಅಲ್ಲಿ ಕಟ್ಟಡದಿಂದ ಹೊರಬರುವ ದಾರಿಗಳ ಬಗ್ಗೆಯೇ ಒಂದು ಸಂಹಿತೆ ಬಂತು. ಅಲ್ಲಿಂದ ಪ್ರಶ್ನೆ ಬದಲಾಯಿತು. ಗೋಡೆ ಯಾವುದರದ್ದು ಎಂದು ಕೇಳಿದರೆ ಸಾಲದು. ಒಳಗೆ ಎಷ್ಟು ಜನ ಸೇರುತ್ತಾರೆ, ಅವರು ಎಚ್ಚರವಿರುತ್ತಾರೋ ಮಲಗಿರುತ್ತಾರೋ, ಅವರಿಗೆ ದಾರಿ ಗೊತ್ತಿದೆಯೋ ಇಲ್ಲವೋ, ತಾವಾಗಿ ಎದ್ದು ಓಡಬಲ್ಲರೋ ಅಥವಾ ಯಾರಾದರೂ ಎತ್ತಿಕೊಂಡು ಬರಬೇಕೋ?

ನಮ್ಮ ದೇಶದಲ್ಲಿ ರಾಷ್ಟ್ರೀಯ ಕಟ್ಟಡ ಸಂಹಿತೆ ಮೊದಲು ಬಂದಿದ್ದು 1970ರಲ್ಲಿ. 1983, 2005, 2016ರಲ್ಲಿ ತಿದ್ದುಪಡಿಯಾಯಿತು. ಅದು ಕಟ್ಟಡಗಳನ್ನು ಬಳಕೆಯ ಮೇಲೆ ಒಂಬತ್ತು ಗುಂಪು ಮಾಡುತ್ತದೆ. ಎ ಎಂದರೆ ವಾಸ, ಬಿ ಶಾಲೆ, ಸಿ ಆಸ್ಪತ್ರೆ-ಜೈಲಿನಂಥವು, ಡಿ ಜನ ಸೇರುವ ಜಾಗ, ಇ ಕಚೇರಿ, ಎಫ್ ಅಂಗಡಿ, ಜಿ ಕಾರ್ಖಾನೆ, ಎಚ್ ಗೋದಾಮು, ಜೆ ಸ್ಫೋಟಕದಂಥ ಅಪಾಯದ ಸಾಮಾನು ಇಡುವ ಕಟ್ಟಡ. ನಡುವೆ ಐ ಇಲ್ಲ. ಒಂದು ಎಂಬ ಅಂಕಿಯ ಜೊತೆ ಗೊಂದಲವಾದೀತು ಎಂದು ಬಿಟ್ಟಿರಬೇಕು ಎಂಬುದು ನಮ್ಮ ಊಹೆ. ಕೊಟ್ಟಿಗೆ, ಕುದುರೆ ಲಾಯಗಳು ಎಲ್ಲಿ ಬರುತ್ತವೆ ಗೊತ್ತೇ? ಎಚ್ ಗುಂಪಿನಲ್ಲಿ, ಶೀತಲಗೃಹ ಮತ್ತು ಲಾರಿ ನಿಲ್ದಾಣದ ಸಾಲಿನಲ್ಲಿ. ಅಂದರೆ ನಮ್ಮ ಹಳೆಯ ಮನೆಯ ತಲಬಾಗಿಲಲ್ಲಿ ಎಚ್, ಕಟ್ಟೆ ಏರಿದರೆ ಎ, ಮಗ್ಗವಿದ್ದರೆ ಜಿ, ಮುಂದೆ ಕಿರಾಣಿ ಇಟ್ಟಿದ್ದರೆ ಎಫ್.

ಸಂಹಿತೆಗೂ ಇದು ಗೊತ್ತಿದೆ. ಮುಖ್ಯ ಬಳಕೆಗೆ ಹೊಂದಿಕೊಂಡ ಸಣ್ಣ ಬಳಕೆಯನ್ನು ಮುಖ್ಯದ ಜೊತೆಗೇ ಲೆಕ್ಕ ಹಿಡಿಯಬಹುದು ಎನ್ನುತ್ತದೆ. ಆದರೆ ಎರಡು ಬೇರೆ ಬೇರೆ ಬಳಕೆಗಳು ಒಂದೇ ಮಾಡಿನ ಕೆಳಗಿದ್ದು, ನಡುವೆ ಬೆಂಕಿ ತಡೆಯುವ ಗೋಡೆ ಇಲ್ಲದಿದ್ದರೆ, ಇಡೀ ಕಟ್ಟಡಕ್ಕೆ ಹೆಚ್ಚು ಅಪಾಯದ ಬಳಕೆಯ ನಿಯಮವೇ ಅನ್ವಯ. ಜಂತಿವರೆಗೆ ಹತ್ತಿ ಒಟ್ಟಿದ ಪಡಸಾಲೆಯಲ್ಲೇ ಮಕ್ಕಳು ಮಲಗುವ ಮನೆಗಳನ್ನು ನೋಡಿದ ನಮಗೆ ಈ ಮಾತು ದೂರದ್ದು ಎನ್ನಿಸುವುದಿಲ್ಲ.

ಬಳಕೆಯ ಹೆಸರು ಬದಲಾದರೆ ಏನು ಬದಲಾಗುತ್ತದೆ ಎಂದು ಒಂದು ಲೆಕ್ಕ ಮಾಡಿ ನೋಡೋಣ. ನೂರು ಚದರ ಮೀಟರ್ ಜಾಗ ಇಟ್ಟುಕೊಳ್ಳಿ, ಸುಮಾರು ಒಂದು ಸಾವಿರ ಚದರ ಅಡಿಗಿಂತ ತುಸು ಹೆಚ್ಚು. 2005ರ ಸಂಹಿತೆ ಒಬ್ಬೊಬ್ಬರಿಗೆ ಎಷ್ಟು ಜಾಗ ಎಂದು ಹೇಳಿದೆ. ಮನೆಯಾದರೆ 12.5 ಚದರ ಮೀಟರಿಗೆ ಒಬ್ಬರು, ಒಟ್ಟು 8 ಜನ. ಶಾಲೆಯಾದರೆ 4ಕ್ಕೆ ಒಬ್ಬರು, 25 ಜನ. ಗೋದಾಮಾದರೆ 30ಕ್ಕೆ ಒಬ್ಬರು, ಮೂರೇ ಜನ. ಕುರ್ಚಿ ಹಾಕಿದ ಸಭಾಭವನವಾದರೆ 0.6ಕ್ಕೆ ಒಬ್ಬರು, 166 ಜನ. ಜಾಗ ಅದೇ, ಗೋಡೆ ಅದೇ. ಈ ತಲೆಲೆಕ್ಕದ ಮೇಲೆ ಬಾಗಿಲು, ಮೆಟ್ಟಿಲುಗಳ ಅಳತೆ ನಿಲ್ಲುತ್ತದೆ. ಮನೆಯ ಮೆಟ್ಟಿಲು ಒಂದು ಮೀಟರ್ ಅಗಲವಿದ್ದರೆ ಸಾಕು. ಜನ ಸೇರುವ ಕಟ್ಟಡಕ್ಕೆ ಎರಡು ಮೀಟರ್ ಬೇಕು, ಬಾಗಿಲೂ ಎರಡು ಮೀಟರ್. ಹೊರದಾರಿಯ ಬಾಗಿಲು ಹೊರಮುಖವಾಗಿ ತೆರೆಯಬೇಕು.

ಈ ಕೊನೆಯ ಮಾತು ನಮ್ಮ ಹಳೆಯ ಬುದ್ಧಿಗೆ ತೀರಾ ಉಲ್ಟಾ. ನಮ್ಮ ತಲಬಾಗಿಲು ತಗ್ಗು, ಬಂದವರು ತಲೆ ಬಾಗಿಸಲೇಬೇಕು. ತೆರೆಯುವುದು ಒಳಗೆ, ಹಿಂದೆ ಅಗಳಿ ಹಾಕಿದರೆ ಹೊರಗಿನವರು ಎಷ್ಟು ನೂಕಿದರೂ ಜಗ್ಗದು. ದೇಸಗತಿ ವಾಡೆಗಳ ಬಾಗಿಲುಗಳೂ ಹಾಗೇ. ಕಳ್ಳ, ದರೋಡೆಕೋರ, ದಂಡು ಬರುವ ಕಾಲದಲ್ಲಿ ಅಪಾಯ ಇದ್ದಿದ್ದು ಹೊರಗೆ. ಕಿತ್ತೂರಿನ ಅರಮನೆಯನ್ನೇ ನೋಡಿ. ಅದು ರಾಣಿಯ ಮನೆ, ಸಂಸ್ಥಾನದ ಕಚೇರಿ, ಖಜಾನೆ ಎಲ್ಲವೂ. 1824ರಲ್ಲಿ ಶಿವಲಿಂಗರುದ್ರ ಸರ್ಜ ತೀರಿಕೊಂಡಾಗ ಧಾರವಾಡದ ಕಲೆಕ್ಟರ್ ಥ್ಯಾಕರೆ ಬಂದು ಖಜಾನೆಗೆ ಮುದ್ರೆ ಹಾಕಿಸಿ ಕಾವಲು ಇಟ್ಟ. ಅವನ ಲೆಕ್ಕದಲ್ಲಿ ಅದು ಸರಕಾರಿ ಆಸ್ತಿ. ಚನ್ನಮ್ಮನ ಲೆಕ್ಕದಲ್ಲಿ ತನ್ನ ಮನೆಯೊಳಗೆ ಪರರ ಬೀಗ. ಅಕ್ಟೋಬರ್ 23ರಂದು ಅವನು ಕೋಟೆಯ ಬಾಗಿಲು ತೆರೆಯಿರಿ ಎಂದು ನಿಂತಾಗ ಬಾಗಿಲು ಮುಚ್ಚಿಯೇ ಇತ್ತು. ತೆರೆದಿದ್ದು ಕಿತ್ತೂರಿನವರು ಮೈಮೇಲೆ ಬೀಳುವುದಕ್ಕೆ. ಬಾಗಿಲು ಎಂದರೆ ಹೊರಗಿನವರನ್ನು ತಡೆಯುವುದು ಎಂಬ ಆ ಕಾಲದ ತಿಳಿವಳಿಕೆ ನಮ್ಮ ಬಡಿಗರ ಕೈಯಲ್ಲಿ ಇಂದಿಗೂ ಇದೆ. ಊರಿನಲ್ಲಿ ಹೊಸದಾಗಿ ಕಟ್ಟಿದ ಎಷ್ಟೋ ಸಮುದಾಯ ಭವನಗಳ ಬಾಗಿಲುಗಳು ಒಳಗೇ ತೆರೆಯುತ್ತವೆ.

ಹೀಗಾದರೆ ಏನಾಗುತ್ತದೆ ಎಂದು ನಮ್ಮ ದೇಶ ಎರಡು ಸಲ ಮಕ್ಕಳನ್ನು ಕಳೆದುಕೊಂಡು ನೋಡಿದೆ. 1995ರ ಡಿಸೆಂಬರ್ 23, ಹರಿಯಾಣದ ಡಬವಾಲಿ. ಶಾಲೆಯ ಸಮಾರಂಭ, ನಡೆದಿದ್ದು ಮದುವೆ ಮಂಟಪದಲ್ಲಿ. ಮೇಲೆ ಶಾಮಿಯಾನ. ಬೆಂಕಿ ಬಿದ್ದಾಗ ಹೊರದಾರಿ ಸಾಲಲಿಲ್ಲ. 400ಕ್ಕೂ ಹೆಚ್ಚು ಜನ ಸತ್ತರು, ಬಹಳಷ್ಟು ಮಕ್ಕಳು. 2004ರ ಜುಲೈ 16, ತಮಿಳುನಾಡಿನ ಕುಂಭಕೋಣಂ. ಶಾಲೆಯ ಅಡುಗೆಮನೆಯ ಬೆಂಕಿ ಗರಿಯ ಮಾಡಿಗೆ ಹತ್ತಿ 94 ಮಕ್ಕಳು ಸುಟ್ಟುಹೋದರು. ಅಡುಗೆ ಮತ್ತು ತರಗತಿ ಒಂದೇ ಮಾಡಿನ ಆಸುಪಾಸಿನಲ್ಲಿದ್ದವು. ಆ ಸಾವುಗಳ ನಂತರ ಸಲ್ಲಿಕೆಯಾದ ಅರ್ಜಿಯ ಮೇಲೆ 2009ರ ಏಪ್ರಿಲ್ 13ರಂದು ಸುಪ್ರೀಂ ಕೋರ್ಟ್, ಶಾಲಾ ಕಟ್ಟಡಗಳು ಈ ರಾಷ್ಟ್ರೀಯ ಸಂಹಿತೆಯ ಸುರಕ್ಷತಾ ನಿಯಮ ಪಾಲಿಸಬೇಕು ಎಂದು ಆದೇಶಿಸಿತು. ಆದೇಶದ ಅಗತ್ಯ ಏಕೆ ಬಿತ್ತು ಎಂದರೆ, ಸಂಹಿತೆ ತಾನಾಗಿ ಕಾನೂನಲ್ಲ. ರಾಜ್ಯವೋ ನಗರಸಭೆಯೋ ತನ್ನ ಉಪವಿಧಿಯಲ್ಲಿ ಸೇರಿಸಿಕೊಂಡಾಗ ಮಾತ್ರ ಅದಕ್ಕೆ ಹಲ್ಲು ಬರುತ್ತದೆ.

ಮೂರನೆಯದು ಮನೆ ಬಾಗಿಲಿಗೇ ಬಂದಿದ್ದು. ಕಿತ್ತೂರಿನಿಂದ ಧಾರವಾಡ ಎಷ್ಟು ದೂರ? ಅಲ್ಲಿನ ಕುಮಾರೇಶ್ವರ ನಗರದಲ್ಲಿ 2019ರ ಮಾರ್ಚ್ 19ರಂದು ವಾಣಿಜ್ಯ ಕಟ್ಟಡ ಕುಸಿದು 19 ಜನ ಸತ್ತರು. ಮೇಲೆ ಇನ್ನೂ ಕೆಲಸ ನಡೆದಿತ್ತು, ಕೆಳಗೆ ಅಂಗಡಿಗಳು ತೆರೆದಿದ್ದವು.

ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ವಿಂಗಡಣೆಯ ಬಿಸಿ ಜನಕ್ಕೆ ತಟ್ಟಿದ್ದು ಮಾತ್ರ ಬೇರೆ ದಾರಿಯಿಂದ. ಅದೇ 2019ರ ಆಗಸ್ಟಿನಲ್ಲಿ ಮಲಪ್ರಭೆ ತುಂಬಿ ಹರಿದು ರಾಮದುರ್ಗ, ಸವದತ್ತಿ ಭಾಗದ ಹೊಳೆದಂಡೆಯ ಮಣ್ಣಿನ ಮನೆಗಳು ಕುಸಿದವು. ಪರಿಹಾರಕ್ಕೆ ಮನೆಗಳನ್ನು ಎ, ಬಿ, ಸಿ ಎಂದು ಬರೆದುಕೊಂಡು ಹೋದರು. ಇದು ಬಳಕೆಯ ಗುಂಪಲ್ಲ, ಎಷ್ಟು ಭಾಗ ಬಿದ್ದಿದೆ ಎಂಬ ಲೆಕ್ಕ. ಮುಕ್ಕಾಲಿಗಿಂತ ಹೆಚ್ಚು ಬಿದ್ದರೆ ಎ. ಆದರೆ ಅದರ ಅಡಿಯಲ್ಲಿ ಬಳಕೆಯ ಪ್ರಶ್ನೆ ಕೂತಿತ್ತು. ಆಗಿನ ಕೇಂದ್ರದ ನಿಯಮದಲ್ಲಿ ಬಯಲುಸೀಮೆಯಲ್ಲಿ ಪೂರ್ತಿ ಬಿದ್ದ ಮನೆಗೆ 95,100 ರೂಪಾಯಿ. ಮನೆಗೆ ಹೊಂದಿದ ದನದ ಕೊಟ್ಟಿಗೆಗೆ 2,100 ರೂಪಾಯಿ. ರಾಜ್ಯ ಸರಕಾರ ಮನೆಯ ಮೊತ್ತವನ್ನು 5 ಲಕ್ಷಕ್ಕೆ ಏರಿಸಿತು. ಹಾಗಾದರೆ ಗ್ವಾದಲಿ ಇರುವ, ತಲಬಾಗಿಲಿನ ಕಡೆಯ ಅರ್ಧ ಬಿದ್ದರೆ ಬಿದ್ದಿದ್ದು ಮನೆಯೋ ಕೊಟ್ಟಿಗೆಯೋ? ದನ ಮತ್ತು ಮನುಷ್ಯರ ನಡುವೆ ಒಂದು ಕಟ್ಟೆಯಷ್ಟೇ ಅಂತರವಿದ್ದ ಮನೆಯಲ್ಲಿ ಇದನ್ನು ನಿರ್ಧರಿಸುವುದು ಪಂಚನಾಮೆ ಬರೆಯುವವರ ಪೆನ್ನು.

ಸರಕಾರದ ಕಾಗದಗಳಲ್ಲಿ ನಮ್ಮ ಮನೆಗೆ ಸರಿಯಾಗಿ ಹೊಂದುವ ಒಂದೇ ಕಾಲಂ ನಮಗೆ ಸಿಕ್ಕಿದ್ದು 2011ರ ಜನಗಣತಿಯ ಮನೆಪಟ್ಟಿಯಲ್ಲಿ. ವಾಸ, ಅಂಗಡಿ, ಶಾಲೆ, ಆಸ್ಪತ್ರೆ, ಪೂಜಾಸ್ಥಳ ಇವುಗಳ ನಡುವೆ ‘ವಾಸ ಮತ್ತು ಇತರ ಬಳಕೆ’ ಎಂಬ ಆಯ್ಕೆಯೂ ಇತ್ತು. ಎಣಿಸಲು ಬಂದವರಿಗೆ ಹೊಳೆದಿದ್ದು, ದುಡ್ಡು ಕೊಡುವವರಿಗೂ ಅನುಮತಿ ಕೊಡುವವರಿಗೂ ಏಕೆ ಹೊಳೆಯಬಾರದು?

ಅನುಮತಿಯ ಮಾತಿಗೆ ಬರೋಣ. ಪಂಚಾಯತ್ ರಾಜ್ ಕಾಯ್ದೆ 1993ರ 64ನೇ ಕಲಮಿನ ಪ್ರಕಾರ ಗ್ರಾಮ ಪಂಚಾಯಿತಿ ಅನುಮತಿ ಇಲ್ಲದೆ ಹಳ್ಳಿಯಲ್ಲಿ ಕಟ್ಟಡ ಕಟ್ಟುವಂತಿಲ್ಲ. ಆ ಕಾಗದದ ಮೇಲೆ ‘ವಾಸದ ಮನೆ’ ಎಂದು ಬರೆದು ಕಟ್ಟಿದ ಎರಡಂತಸ್ತಿನ ಮನೆಯಲ್ಲಿ ಆಮೇಲೆ ಏನೇನು ನಡೆಯುತ್ತದೆ ನೋಡಿ. ಪರೀಕ್ಷೆಗೆ ತಯಾರಿ ಮಾಡಿಸುವ ವಸತಿ ತರಗತಿ ಬರುತ್ತದೆ. ಸಂಹಿತೆಯಲ್ಲಿ 20 ಮಕ್ಕಳು ಕಲಿಯಲು ಸೇರಿದರೆ ಅದು ಶಾಲೆಯ ಗುಂಪು. ಒಂದೇ ಕುಟುಂಬದವರಲ್ಲದ ಮಕ್ಕಳು ಒಟ್ಟಿಗೆ ಮಲಗಿದರೆ ವಸತಿನಿಲಯ. ಕಾಗದದಲ್ಲಿ ಮಾತ್ರ ಅದು ಒಂದು ಮೀಟರ್ ಮೆಟ್ಟಿಲಿನ ಮನೆಯೇ. ಮಹಡಿ ಮೇಲೆ ಐವತ್ತು ಹಾಸಿಗೆ, ಕೆಳಗೆ ಗ್ಯಾಸ್ ಸಿಲಿಂಡರ್ ಇಟ್ಟ ಅಡುಗೆಮನೆ, ಕಿಟಕಿಗೆ ಕಬ್ಬಿಣದ ಸರಳು, ರಾತ್ರಿ ಮಕ್ಕಳು ಹೊರಗೆ ಹೋಗಬಾರದು ಎಂದು ಗೇಟಿಗೆ ಬೀಗ. ವಿದ್ಯುತ್ ಬಿಲ್ಲಿಗೆ ಮಾತ್ರ ನಮ್ಮವರು ಬಳಕೆಯನ್ನು ಚೆನ್ನಾಗಿ ಹಿಡಿಯುತ್ತಾರೆ: ಮನೆಗೊಂದು ದರ, ಅಂಗಡಿಗೊಂದು, ಗಿರಣಿಗೊಂದು. ಮೀಟರು ಬದಲಾಯಿಸದೆ ಅಂಗಡಿ ತೆರೆದರೆ ದಂಡ ಬೀಳುತ್ತದೆ. ಮೆಟ್ಟಿಲು ಬದಲಾಯಿಸದೆ ವಸತಿನಿಲಯ ತೆರೆದವರನ್ನು ಕೇಳಲು ಯಾರೂ ಬಂದಿದ್ದನ್ನು ನಾವು ನೋಡಿಲ್ಲ.

ಸವದತ್ತಿಯ ಎಲ್ಲಮ್ಮನ ಗುಡ್ಡದ ಮಾತು ಇನ್ನೂ ಬೇರೆ. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗೆ ಬರುವ ಜನ ಚಕ್ಕಡಿಯ ಕೆಳಗೆ, ಟ್ರ್ಯಾಕ್ಟರಿನ ಕೆಳಗೆ, ಬಯಲಲ್ಲಿ ಮಲಗುತ್ತಾರೆ. ಬಯಲಿಗೆ ಗುಂಪಿಲ್ಲ. ಆದರೆ ಗುಡ್ಡದ ಸುತ್ತ ಜಾತ್ರೆಯ ಐದು ದಿನ ಬಾಡಿಗೆಗೆ ಬಿಡುವ ಕೋಣೆಗಳಿಗೆ ಗುಂಪಿದೆ. 40 ಜನರವರೆಗೆ ಮಲಗಿಸಿದರೆ ವಸತಿಗೃಹ, ಎ ಗುಂಪಿನ ಮೊದಲ ಸಾಲು. 50 ಜನ ಪೂಜೆಗೆ, ಊಟಕ್ಕೆ, ಮದುವೆಗೆ ಸೇರುವ ಯಾವ ಜಾಗವೂ 2016ರ ಸಂಹಿತೆಯಲ್ಲಿ ಡಿ.

ಇನ್ನು ಸೀಜನ್ ಶುರುವಾಗುತ್ತದೆ, ಬೀಗರ ಊರಿನ ಕಲ್ಯಾಣ ಮಂಟಪಕ್ಕೆ ನೀವೂ ಹೋಗುತ್ತೀರಿ. ಅಕ್ಷತೆ ಬೀಳುವುದಕ್ಕೆ ಮೊದಲು ಒಂದು ಸುತ್ತು ಹಾಕಿ ಬನ್ನಿ. ಎರಡನೇ ಬಾಗಿಲು ಎಲ್ಲಿದೆ, ಅದು ಯಾವ ಕಡೆ ತೆರೆಯುತ್ತದೆ, ಅದರ ಮುಂದೆ ಬಾಡಿಗೆ ಕುರ್ಚಿಗಳನ್ನು ಒಟ್ಟಿದ್ದಾರೆಯೇ, ಅಡುಗೆಯ ಒಲೆ ಅದರಿಂದ ಎಷ್ಟು ದೂರ. ನಿಮ್ಮ ಮಗ ಅಥವಾ ಮಗಳು ಬೈಲಹೊಂಗಲದಲ್ಲೋ ಧಾರವಾಡದಲ್ಲೋ ಕೋಣೆ ಹಿಡಿದು ಓದುತ್ತಿದ್ದರೆ, ಮುಂದಿನ ಸಲ ರೊಟ್ಟಿ ಬುತ್ತಿ ಕೊಡಲು ಹೋದಾಗ ಮೆಟ್ಟಿಲ ಅಗಲ ನೋಡಿ, ರಾತ್ರಿ ಗೇಟಿನ ಕೀಲಿ ಯಾರ ಹತ್ತಿರ ಇರುತ್ತದೆ ಎಂದು ಕೇಳಿ. ಪಂಚಾಯಿತಿಗೋ ಪುರಸಭೆಗೋ ಹೋಗಿ ಆ ಕಟ್ಟಡದ ಅನುಮತಿಯಲ್ಲಿ ಯಾವ ಬಳಕೆ ಬರೆದಿದೆ ಎಂದು ಮಾಹಿತಿ ಹಕ್ಕಿನಡಿ ಕೇಳಬಹುದು. ಅರ್ಜಿ ಶುಲ್ಕ 10 ರೂಪಾಯಿ.