‘ಐತಿ’ ಯಾರ ಕೊಡುಗೆ? ಕುಪವಾಡದ ವಾಕ್ಯಕ್ಕೆ ಮಗರಪಟ್ಟಾದಿಂದ ಒಂದು ತಕರಾರು

ಇಂಗ್ಲಿಷಿನ ‘ಈಸ್’ನಂತೆ ಕನ್ನಡದಲ್ಲಿ ‘ಇರು’ ಧಾತು ಕಾಣಿಸಿದಲ್ಲೆಲ್ಲ ನಮ್ಮ ವಿದ್ವಾಂಸರು ಸಾಲ ಕೊಟ್ಟವರನ್ನು ಹುಡುಕತೊಡಗುತ್ತಾರೆ. ಕೆಲವರು ಇಂಗ್ಲಿಷಿನ ಕಡೆ ಕೈ ತೋರಿಸಿದರೆ, ಉಳಿದವರು ಮರಾಠಿಯ ಕಡೆ. ಮರಾಠಿ ಪಕ್ಷದವರ ಆಧಾರ ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ 1971ರಲ್ಲಿ ಪ್ರಕಟಿಸಿದ, ಸಾಂಗ್ಲಿ ಜಿಲ್ಲೆಯ ಕುಪವಾಡದ ಅಧ್ಯಯನ. ‘ಇದು ನಿಮ್ಮ ಮನೆ’ ಎಂದು ನಿಲ್ಲಿಸಬೇಕಾದಲ್ಲಿ ಅಲ್ಲಿನ ಕನ್ನಡಿಗರು ‘ಐತಿ’ ಸೇರಿಸುತ್ತಾರೆ. ಇದು ಮರಾಠಿಯ ‘ಆಹೆ’ಯ ಅಚ್ಚು ಎಂಬುದು ಅವರ ಓದು. ಆ ಒಂದು ವಾಕ್ಯ ಐವತ್ತು ವರ್ಷಗಳಿಂದ ಪಠ್ಯಪುಸ್ತಕದಿಂದ ಪಠ್ಯಪುಸ್ತಕಕ್ಕೆ ದಾಟುತ್ತಿದೆ. ದಾಟಿಸುವವರಲ್ಲಿ ಮಿರಜ ಜಂಕ್ಷನ್ನಿನಲ್ಲಿ ಇಳಿದು ಕಿವಿಗೊಟ್ಟವರು ಎಷ್ಟು ಮಂದಿಯೋ!

ತಕರಾರು ಇರುವುದು ಹೋಲಿಕೆಯ ಅಳತೆಗೋಲಿನಲ್ಲಿ. ಕುಪವಾಡದ ಕನ್ನಡವನ್ನು ಶಿಷ್ಟ ಕನ್ನಡದ ಪಕ್ಕದಲ್ಲಿಟ್ಟರೆ ‘ಐತಿ’ ವಿಚಿತ್ರವಾಗಿ ಕಾಣುತ್ತದೆ. ಅಥಣಿ, ಚಿಕ್ಕೋಡಿಯ ಪಕ್ಕದಲ್ಲಿಟ್ಟರೆ ಅದು ಮನೆಮಾತು. (ಇದೇ ಬಗೆಯ ಆಕ್ಷೇಪವನ್ನು ಪುಣೆಯ ಡೆಕ್ಕನ್ ಕಾಲೇಜಿನ ಸೋನಲ್ ಕುಲಕರ್ಣಿ-ಜೋಶಿ ಅವರೂ ಎತ್ತಿದ್ದಾರೆ. ಅದನ್ನು ಉಲ್ಲೇಖಿಸದೆ ಹಳೆಯ ವಾಕ್ಯವನ್ನೇ ಜಪಿಸುವುದು ಈಗ ಸೋಮಾರಿತನವಷ್ಟೇ.)

ಇಂಗ್ಲಿಷ್ ಪಕ್ಷವನ್ನು ತಳ್ಳಿಹಾಕಲು ಪುಣೆಯ ಹಡಪಸರದ ಮಗರಪಟ್ಟಾ ಸಾಕು. ರೈತರು ಜಮೀನು ಒಟ್ಟುಗೂಡಿಸಿ ಕಟ್ಟಿದ ಈ ಬಡಾವಣೆಯ ಸಾಫ್ಟ್‌ವೇರ್ ಕಚೇರಿಗಳಿಗೆ ಸೊಲ್ಲಾಪುರ ರಸ್ತೆ ಹಿಡಿದು ವಿಜಯಪುರ, ಕಲಬುರಗಿ, ಅಕ್ಕಲಕೋಟೆಯ ಹುಡುಗರು ಬಂದಿದ್ದಾರೆ, ಬೆಂಗಳೂರಿನವರೂ ಇದ್ದಾರೆ. ಒಂದೇ ಪರದೆಯನ್ನು ನೋಡಿ ಬೆಂಗಳೂರಿನವನು ‘ಇದು ಹಳೇ ಬಿಲ್ಡು’ ಎಂದರೆ ವಿಜಯಪುರದವನು ‘ಇದು ಹಳೇ ಬಿಲ್ಡ್ ಐತಿ’ ಎನ್ನುತ್ತಾನೆ, ಕಲಬುರಗಿಯವನು ‘ಹಳೇ ಬಿಲ್ಡ್ ಅದ’ ಎನ್ನುತ್ತಾನೆ. ಇಂಗ್ಲಿಷ್ ಕಾರಣವಾಗಿದ್ದರೆ ಅದರೊಡನೆ ಹೆಚ್ಚು ಬೆರೆತ ಬೆಂಗಳೂರಿನ ಬಾಯಲ್ಲೇ ಕ್ರಿಯಾಪದ ಮೊದಲು ಬರಬೇಕಿತ್ತು.

ಮರಾಠಿ ಪಕ್ಷದ ಪರೀಕ್ಷೆ ನಿಷೇಧದಲ್ಲಿ ನಡೆಯಬೇಕು. ‘ಐತಿ’ ನಿಜಕ್ಕೂ ‘ಆಹೆ’ಯ ಪಡಿಯಚ್ಚಾಗಿದ್ದರೆ, ‘ಆಹೆ’ಯ ಬೆನ್ನಿಗಿರುವ ‘ನಾಹೀ’ಯಂತೆ ಕನ್ನಡದಲ್ಲೂ ‘ಇಲ್ಲ’ ಒಂದೇ ಎಲ್ಲ ಕಡೆ ಹರಡಬೇಕು. ಹರಡಿಲ್ಲ. ‘ಹಳೇ ಬಿಲ್ಡ್ ಐತಿ’ ಎಂದ ಅದೇ ಹುಡುಗ ಮರುಕ್ಷಣ ‘ಏ, ಹಳೇದಲ್ಲೋ’ ಎನ್ನುತ್ತಾನೆ. ‘ಬಿಲ್ಡ್ ಸರ್ವರ್‌ನ್ಯಾಗ ಇಲ್ಲ’ ಎಂಬುದು ಬೇರೆ ಮಾತು. ಇರುವಿಕೆಗೆ ‘ಇಲ್ಲ’, ಗುರುತಿಗೆ ‘ಅಲ್ಲ’ ಎಂಬ ಬೇರ್ಪಡೆ ಕೂದಲೆಳೆಯಷ್ಟೂ ಸಡಿಲಾಗಿಲ್ಲ. ಮರಾಠಿಯಲ್ಲೂ ‘ನವ್ಹೆ’ ಇದೆಯಲ್ಲ ಎಂದು ಎದುರಾಡುವವರಿಗೆ ಉತ್ತರವಿದೆ: ಇದೆ, ಆದರೆ ಪುಣೆಯ ಆಡುಮಾತಿನಲ್ಲಿ ಅದರ ಜಾಗದಲ್ಲಿ ಹೆಚ್ಚಾಗಿ ಕೇಳಿಬರುವುದು ‘ನಾಹೀ’. ದಿನವಿಡೀ ಅದನ್ನೇ ಕೇಳುವ ನಮ್ಮ ಹುಡುಗರು ‘ಅಲ್ಲ’ವನ್ನು ಬಿಟ್ಟುಕೊಟ್ಟಿಲ್ಲ.

ಮರಾಠಿಗೆ ಪಾಲೇ ಇಲ್ಲವೆಂದು ನನ್ನ ವಾದವಲ್ಲ. ಕಲಬುರಗಿಯ ‘ಅದ’ದ ಹಿಂದೆ, 1948ರವರೆಗೆ ಉರ್ದು ಆಡಳಿತಭಾಷೆಯಾಗಿದ್ದ ನಿಜಾಮರ ಸೀಮೆಯಲ್ಲಿ, ದಖನಿಯ ‘ಹೈ’ ಕೂಡ ನಿಂತಿರಬಹುದು. ಆದರೆ ನೆರೆಭಾಷೆಗಳು ಒತ್ತಿದ್ದು ಕನ್ನಡದಲ್ಲಿ ಆಗಲೇ ತೆರೆದಿದ್ದ ಬಾಗಿಲನ್ನು. ಭೂತಕಾಲಕ್ಕೆ ಬಂದರೆ ಬೆಂಗಳೂರಿನವನಿಗೂ ಕ್ರಿಯಾಪದ ಬೇಕೇ ಬೇಕು: ‘ಅವರು ಮೇಷ್ಟ್ರು’ ಎಂದು ನಿಲ್ಲಿಸುವವನು ‘ಅವರು ಮೇಷ್ಟ್ರಾಗಿದ್ರು’ ಎನ್ನದೆ ಗತಿಯಿಲ್ಲ. ಉತ್ತರದ ಕನ್ನಡ ಅದೇ ‘ಇರು’ವನ್ನು ವರ್ತಮಾನಕ್ಕೂ ಎಳೆದುಕೊಂಡಿತು. ಡೆಕ್ಕನ್ ಕಾಲೇಜಿನಲ್ಲೇ ಇದ್ದು ಹವ್ಯಕ ಕನ್ನಡದ ವ್ಯಾಕರಣ ಬರೆದ ಡಿ.ಎನ್. ಶಂಕರ ಭಟ್ಟರ ಓದುಗರಿಗೆ ಈ ಕ್ರಮ ಹೊಸದಲ್ಲ: ಒಳನುಡಿಯನ್ನು ಮೊದಲು ಅದರದೇ ಲೆಕ್ಕದಲ್ಲಿ ನೋಡಬೇಕು, ನೆರೆಯವರ ಮನೆಗೆ ಆಮೇಲೆ ಹೋಗಬೇಕು. ಕುಪವಾಡದ ವಾಕ್ಯವನ್ನು ಉದಾಹರಿಸುವವರು ಅದರ ನಿಷೇಧರೂಪವನ್ನೂ ಭೂತರೂಪವನ್ನೂ ಪಕ್ಕದಲ್ಲೇ ಅಚ್ಚುಹಾಕಲಿ.