ಉಣ್ಣೆ ಗಿರಣಿಯ ಹಳ್ಳದಿಂದ ಬೆಳಕಿನ ರಸಾಯನದವರೆಗೆ

ಟೊರೊಂಟೊ ಮಹಾನಗರ ವಲಯದ ವಾಯವ್ಯ ಅಂಚಿನಲ್ಲಿ, ಹಾಲ್ಟನ್ ಪ್ರದೇಶಕ್ಕೆ ಸೇರಿದ ಜಾರ್ಜ್‌ಟೌನ್ ಇಂದು ಬಹುಮಟ್ಟಿಗೆ ವಸತಿಯ ಊರಾಗಿದ್ದರೂ, ಅದು ಬೆಳೆದದ್ದು ನೀರಿನ ಬಲದಿಂದ ತಿರುಗುತ್ತಿದ್ದ ಗಿರಣಿಗಳ ಸುತ್ತ. 1820ರ ದಶಕದಲ್ಲಿ ಜಾರ್ಜ್ ಕೆನಡಿ ಎಂಬಾತ ಸಿಲ್ವರ್ ಕ್ರೀಕ್ ಎಂಬ ಹಳ್ಳದ ಬಳಿ ನೆಲೆಸಿ, ಅದರ ನೀರಿನಿಂದ ಗಿರಣಿಗಳನ್ನು ನಡೆಸಿದನು; ಐರ್ಲೆಂಡಿನಿಂದ ವಲಸೆ ಬಂದಿದ್ದ ಬಾರ್ಬರ್ ಸಹೋದರರು 1837ರಲ್ಲಿ ಅಲ್ಲಿಯ ಉಣ್ಣೆ ಗಿರಣಿಯನ್ನು ಕೊಂಡು, ಮುಂದೆ ಆ ಹಳ್ಳ ಸೇರುವ ಕ್ರೆಡಿಟ್ ನದಿಯ ಕೆಳಹರಿವಿನಲ್ಲಿರುವ ಸ್ಟ್ರೀಟ್ಸ್‌ವಿಲ್‌ಗೂ ಉದ್ಯಮವನ್ನು ವಿಸ್ತರಿಸಿದರು. ಅವರ ಮನೆತನದ ಜಾನ್ ಬಾರ್ಬರ್ 1888ರಲ್ಲಿ ಕ್ರೆಡಿಟ್ ನದಿಯ ನೀರಿನಿಂದ ವಿದ್ಯುತ್ತನ್ನು ಉತ್ಪಾದಿಸಿ, ತಂತಿಯ ಮೂಲಕ ದೂರದ ಕಾಗದದ ಗಿರಣಿಗೆ ಒದಗಿಸಿದ್ದು ಉತ್ತರ ಅಮೆರಿಕದ ಕೈಗಾರಿಕಾ ಇತಿಹಾಸದಲ್ಲಿ ಪದೇ ಪದೇ ಉಲ್ಲೇಖಗೊಳ್ಳುವ ಸಂಗತಿ. ನದಿ ಕೊಟ್ಟದ್ದರ ಲೆಕ್ಕ ಹೀಗೆ ದಾಖಲಾಗಿದೆಯಾದರೂ, ನದಿಗೆ ಮರಳಿ ಬಿಟ್ಟದ್ದರ ಲೆಕ್ಕವನ್ನು ಆ ಕಾಲದ ಉದ್ಯಮಿಗಳು ಎಲ್ಲಿಯೂ ಗಂಭೀರವಾಗಿ ಇಡಲಿಲ್ಲ.

ಉಣ್ಣೆಯ ಜಿಡ್ಡು ತೊಳೆಯುವುದು, ಹಿಂಜುವುದು, ನೂಲುವುದು, ನೇಯುವುದು, ಬಣ್ಣ ಹಾಕುವುದು ಇವೆಲ್ಲ ಅಂದಿನ ಉಣ್ಣೆ ಕಸುಬಿನ ಅಂಗಗಳು. ನೀಲಿ, ಮಂಜಿಷ್ಠ ಜಾತಿಯ ಬೇರು, ಲಾಗ್‌ವುಡ್ ಮರದ ಚಕ್ಕೆ ಮೊದಲಾದವುಗಳಿಂದ ಬಣ್ಣ ತೆಗೆದು, ಬೇಕಾದಲ್ಲಿ ಪಟಿಕದಂಥ ಲವಣಗಳಿಂದ ಅದನ್ನು ನೂಲಿಗೆ ಕಚ್ಚಿಸಿ, ಉಳಿದ ನೀರನ್ನು ಹರಿವಿಗೆ ಬಿಡುವುದು ಎಲ್ಲೆಡೆಯ ರೂಢಿಯಾಗಿತ್ತು. ಟೊರೊಂಟೊ ಕಡೆಯಿಂದ ರೈಲು ಜಾರ್ಜ್‌ಟೌನ್‌ಗೆ ಬಂದ 1856ನೇ ವರ್ಷದಲ್ಲಿಯೇ ಲಂಡನ್ನಿನಲ್ಲಿ ವಿಲಿಯಂ ಪರ್ಕಿನ್ ಮೊದಲ ಅನಿಲೀನ್ ಬಣ್ಣವಾದ ಮೌವ್ ಅನ್ನು ಕಂಡುಹಿಡಿದನು. ಅದರ ಹಿಂದೆಯೇ ಬಂದ ಅಜೋ ಬಣ್ಣಗಳು, ಅಂದರೆ ಎರಡು ಸಾರಜನಕ ಪರಮಾಣುಗಳ ಜೋಡಿಬಂಧದಿಂದ ರಂಗು ಪಡೆಯುವ ಸಂಯುಕ್ತಗಳು, ಬಿಸಿಲಿಗೂ ಸಾಬೂನಿಗೂ ಮಾಸದಂತೆ ರೂಪಿಸಲ್ಪಟ್ಟವು; ಬಟ್ಟೆಯಲ್ಲಿ ಗುಣವೆನಿಸಿದ ಆ ಬಾಳಿಕೆಯೇ ನೀರಿಗೆ ಬಿದ್ದ ಮೇಲೆ ದೋಷವಾಯಿತು. ಚರಂಡಿ ನೀರನ್ನು ಶುದ್ಧಗೊಳಿಸುವ ಸೂಕ್ಷ್ಮಜೀವಿಗಳು ಇಂಥ ಹಲವು ಬಣ್ಣಗಳನ್ನು ಸುಲಭವಾಗಿ ಜೀರ್ಣಿಸಿಕೊಳ್ಳಲಾರವು. ಇದ್ದಿಲಿನಿಂದ ಹೀರಿಸಿದರೆ ಅಥವಾ ಪಟಿಕದಿಂದ ತಳಕ್ಕಿಳಿಸಿದರೆ ಬಣ್ಣ ನಾಶವಾಗದೆ, ನೀರಿನಿಂದ ಇದ್ದಿಲಿಗೋ ಕೆಸರಿಗೋ ಸ್ಥಳ ಬದಲಿಸುತ್ತದೆ, ಅಷ್ಟೇ.

ಬಣ್ಣವನ್ನು ನೀರಿನಲ್ಲಿಯೇ ಒಡೆಯುವ ಉಪಾಯವು ಬೇರೊಂದು ಕಸುಬಿನ ತೊಂದರೆಯಿಂದ ಹುಟ್ಟಿತು. ಟೈಟಾನಿಯಂ ಡೈಆಕ್ಸೈಡ್ ಬೆರೆಸಿದ ಬಿಳಿ ಪೇಂಟು ಬಿಸಿಲಿನಲ್ಲಿ ಪುಡಿಯಾಗಿ ಉದುರುತ್ತಿದ್ದುದನ್ನೂ, ಜೊತೆಗಿದ್ದ ಬಣ್ಣಗಳನ್ನು ಮಾಸಿಸುತ್ತಿದ್ದುದನ್ನೂ ಪೇಂಟು ತಯಾರಕರು ಗಮನಿಸಿದ್ದರು. 1938ರಲ್ಲಿ ಗುಡೀವ್ ಮತ್ತು ಕಿಚನರ್ ಎಂಬ ಇಬ್ಬರು ರಸಾಯನಜ್ಞರು ಈ ಪುಡಿ ಬೆಳಕಿನಲ್ಲಿ ಬಣ್ಣವನ್ನು ಕಳೆಯುವ ಬಗೆಯನ್ನು ಅಳೆದು ಪ್ರಕಟಿಸಿದರು. ಸುಮಾರು 390 ನ್ಯಾನೊಮೀಟರ್‌ಗಿಂತ ಕಿರಿದಾದ ತರಂಗಾಂತರದ ನೇರಳಾತೀತ ಬೆಳಕು ಬಿದ್ದಾಗ ಪುಡಿಯೊಳಗಿನ ಎಲೆಕ್ಟ್ರಾನ್ ಮೇಲಿನ ಶಕ್ತಿಮಟ್ಟಕ್ಕೆ ಜಿಗಿದು ತನ್ನ ಜಾಗದಲ್ಲಿ ಧನಾವೇಶದ ರಂಧ್ರವೊಂದನ್ನು ಬಿಡುತ್ತದೆ. ಆ ರಂಧ್ರ ನೀರಿನಿಂದ ಹೈಡ್ರಾಕ್ಸಿಲ್ ರ‍್ಯಾಡಿಕಲ್ ಎಂಬ ಅತ್ಯಂತ ಚುರುಕಾದ ಕಣವನ್ನು ಹುಟ್ಟಿಸಿದರೆ, ಎಲೆಕ್ಟ್ರಾನ್ ನೀರಿನಲ್ಲಿ ಕರಗಿರುವ ಆಮ್ಲಜನಕವನ್ನು ಸೇರುತ್ತದೆ. ಬಣ್ಣದ ಅಣು ಒಡೆಯುವುದು ಇವುಗಳ ದಾಳಿಯಿಂದ. ತಾನು ವ್ಯಯವಾಗದೆ ಕ್ರಿಯೆಯನ್ನು ಚುರುಕುಗೊಳಿಸುವುದರಿಂದ ಈ ಪುಡಿಗೆ ದ್ಯುತಿ ಕ್ರಿಯಾವರ್ಧಕ ಎಂಬ ಹೆಸರು.

ಇದನ್ನು ಕಲುಷಿತ ನೀರಿಗೆ ಅನ್ವಯಿಸಿದ ಮೊದಲ ಮಹತ್ವದ ಪ್ರಯೋಗಗಳಲ್ಲಿ ಒಂದು ಜಾರ್ಜ್‌ಟೌನ್ ಇರುವ ಹಾಲ್ಟನ್ ಪ್ರದೇಶದಲ್ಲಿಯೇ ನಡೆಯಿತೆಂಬುದು ಸ್ಥಳೀಯ ಇತಿಹಾಸ ಮರೆಯಬಾರದ ವಿಷಯ. ಪ್ರದೇಶದ ದಕ್ಷಿಣದಂಚಿನ ಬರ್ಲಿಂಗ್ಟನ್‌ನಲ್ಲಿ, ಒಂಟಾರಿಯೊ ಸರೋವರದ ದಡದಲ್ಲಿರುವ ಕೆನಡಾ ಒಳನಾಡು ಜಲ ಕೇಂದ್ರದ ಕ್ಯಾರಿ, ಲಾರೆನ್ಸ್, ಟೊಸಿನ್ ಅವರು, ಪಿಸಿಬಿ ಎಂಬ ಕ್ಲೋರಿನ್‌ಯುಕ್ತ ವಿಷಗಳು ಟೈಟಾನಿಯಂ ಡೈಆಕ್ಸೈಡ್ ಬೆರೆತ ನೀರಿನಲ್ಲಿ ಬೆಳಕಿನಿಂದ ಒಡೆಯುತ್ತವೆಂದು 1976ರಲ್ಲಿ ತೋರಿಸಿದರು. ಅವರ ಗುರಿ ಬಣ್ಣವಾಗಿರಲಿಲ್ಲ; ಆದರೆ ಮುಂದಿನ ಬಣ್ಣದ ಪ್ರಯೋಗಗಳಿಗೆ ದಾರಿ ತೆರೆದವುಗಳಲ್ಲಿ ಈ ಕೆಲಸವೂ ಒಂದು.

ಕರ್ನಾಟಕದ ಕೊಡುಗೆ ಬಂದದ್ದು ಪುಡಿಯನ್ನು ತಯಾರಿಸುವ ವಿಧಾನದಲ್ಲಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೆ. ಸಿ. ಪಾಟೀಲರು 1980ರ ದಶಕದಲ್ಲಿ ಬೆಳೆಸಿದ ದ್ರಾವಣ ದಹನ ವಿಧಾನದಲ್ಲಿ, ಲೋಹದ ನೈಟ್ರೇಟಿಗೆ ಇಂಧನವೊಂದನ್ನು ಬೆರೆಸಿ ಕಾಯಿಸಿದಾಗ ಮಿಶ್ರಣ ತಾನಾಗಿ ಹೊತ್ತಿಕೊಂಡು ಕ್ಷಣಗಳಲ್ಲಿ ಅತಿ ನಯವಾದ ಆಕ್ಸೈಡ್ ಉಳಿಯುತ್ತದೆ. ಅದೇ ಸಂಸ್ಥೆಯ ಎಂ. ಎಸ್. ಹೆಗ್ಡೆ, ಗಿರಿಧರ್ ಮದ್ರಾಸ್ ಮತ್ತವರ ಸಂಗಡಿಗರು ಗ್ಲೈಸಿನ್ ಬಳಸಿ ಈ ಬಗೆಯಲ್ಲಿ ಮಾಡಿದ ಟೈಟಾನಿಯಂ ಡೈಆಕ್ಸೈಡ್, ಮೆಥಿಲೀನ್ ಬ್ಲೂ, ಕಾಂಗೋ ರೆಡ್ ಮುಂತಾದ ಬಣ್ಣಗಳನ್ನು ಒಡೆಯುವುದರಲ್ಲಿ ಮಾರುಕಟ್ಟೆಯ ಹೆಸರಾಂತ ಪುಡಿಯನ್ನೂ ಮೀರಿಸಿತೆಂದು 2003–04ರ ಪ್ರಬಂಧಗಳಲ್ಲಿ ವರದಿ ಮಾಡಿದರು. ಸೂರ್ಯನ ಬೆಳಕಿನಲ್ಲಿ ನಡೆಸಿದ ಪರೀಕ್ಷೆಗಳೂ ಅವುಗಳಲ್ಲಿ ಸೇರಿವೆ.

ಪ್ರಯೋಗಾಲಯದ ಈ ಗೆಲುವು ಡೈಯಿಂಗ್ ಘಟಕಗಳ ಅಂಗಳಕ್ಕೆ ಇಳಿಯದಿರಲು ಕಾರಣಗಳಿವೆ. ಭೂಮಿಗೆ ತಲುಪುವ ಬಿಸಿಲಿನಲ್ಲಿ ನೇರಳಾತೀತ ಪಾಲು ನೂರಕ್ಕೆ ಐದರಷ್ಟೇ. ಗಾಢ ಬಣ್ಣದ ನೀರು ತಾನೇ ಬೆಳಕನ್ನು ತಡೆಯುತ್ತದೆ. ಡೈಯಿಂಗ್‌ನಲ್ಲಿ ಹೇರಳವಾಗಿ ಬಳಸುವ ಉಪ್ಪು ಮತ್ತು ಸೋಡಾ ರ‍್ಯಾಡಿಕಲ್‌ಗಳನ್ನು ಕಬಳಿಸುತ್ತವೆ. ಕೆಲಸ ಮುಗಿದ ಮೇಲೆ ನಯವಾದ ಪುಡಿಯನ್ನು ನೀರಿನಿಂದ ಬೇರ್ಪಡಿಸುವುದೂ ಕಷ್ಟ. ಇವೆಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕಾದ ಸಂಗತಿ ಬೇರೆ. ಅಜೋ ಬಂಧ ಕಡಿದ ಕೂಡಲೇ ನೀರು ತಿಳಿಯಾಗಿ ಕಾಣುತ್ತದೆ, ಆದರೆ ಉಳಿದ ಆರೊಮ್ಯಾಟಿಕ್ ತುಣುಕುಗಳು ಕೆಲವೊಮ್ಮೆ ಮೂಲ ಬಣ್ಣಕ್ಕಿಂತ ವಿಷಕಾರಿ. ಆದ್ದರಿಂದ ಬಣ್ಣ ಹೋಯಿತೆಂಬುದನ್ನಷ್ಟೇ ಹೇಳಿ, ನೀರಿನಲ್ಲಿ ಉಳಿದ ಒಟ್ಟು ಸಾವಯವ ಇಂಗಾಲವನ್ನು ಅಳೆಯದ ಪ್ರಬಂಧಗಳನ್ನು ಶುದ್ಧೀಕರಣದ ಪುರಾವೆಯೆಂದು ಒಪ್ಪಲಾಗದು.

2011ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟ್ ತಮಿಳುನಾಡಿನ ಜವಳಿ ನಗರ ತಿರುಪ್ಪೂರಿನ ಡೈಯಿಂಗ್ ಘಟಕಗಳನ್ನು ತ್ಯಾಜ್ಯನೀರಿನ ಮಾಲಿನ್ಯಕ್ಕಾಗಿ ಮುಚ್ಚಿಸಿದಾಗ, ಮತ್ತೆ ತೆರೆಯಲು ಉದ್ಯಮ ಆಶ್ರಯಿಸಿದ್ದು ಪೊರೆಗಳ ಮೂಲಕ ನೀರನ್ನು ಸೋಸಿ, ಉಳಿದದ್ದನ್ನು ಕುದಿಸಿ ಇಂಗಿಸುವ ದುಬಾರಿ ವ್ಯವಸ್ಥೆಯನ್ನೇ ಹೊರತು ಬೆಳಕನ್ನಲ್ಲ. ದ್ಯುತಿ ಕ್ರಿಯಾವರ್ಧಕಕ್ಕೆ ಸದ್ಯ ಸಲ್ಲುವ ಸ್ಥಾನ, ಸೂಕ್ಷ್ಮಜೀವಿಗಳು ತಮ್ಮ ಪಾಲಿನ ಕೆಲಸ ಮುಗಿಸಿದ ಮೇಲೆ ಉಳಿಯುವ ತೆಳು ಬಣ್ಣವನ್ನು ಒಡೆಯುವ ಕೊನೆಯ ಹಂತದ್ದು.